ಏಳನೇ ಬಾಗಿಲಿಗೆ ಒತ್ತೆಯಾದ ಹುಡುಗಿ

ಏಳು ಸಮುದ್ರಗಳ ಆಚೆ ಒಂದೂರಿನಲ್ಲಿ, ಅಂತ ಶುರು ಮಾಡಬೇಕು. ಆದರೆ ಬಳ್ಳಾರಿಗೆ ಸಮುದ್ರ ಎಲ್ಲಿಂದ ಬರಬೇಕು? ಏಳು ಕಾಲುವೆಗಳ ಈಚೆ ಅನ್ನೋಣ. ಏಳು ಕಾಲುವೆಗಳ ಈಚೆ, ಕೌಲ್ ಬಜಾರಿನ ಒಂದು ಮಹಡಿ ಮನೆಯಲ್ಲಿ, ಮೀನಾಕ್ಷಿ ಎಂಬ ರಾಜಕುಮಾರಿ ಇದ್ದಳು. ಅವಳ ಅಪ್ಪ ಹೊನ್ನೂರಸ್ವಾಮಿಗೆ ಇದ್ದ ರಾಜ್ಯವೆಂದರೆ ಜೀನ್ಸ್ ಪ್ಯಾಂಟಿಗೆ ಗುಂಡಿ ಹೊಡೆಯುವ ಎರಡು ಮೆಷಿನ್ನುಗಳು. ಆದರೇನು, ಅಜ್ಜಿ ಸಾವಂತ್ರಮ್ಮನ ತೊಡೆಯ ಮೇಲೆ ಕಥೆ ಕೇಳಿ ಬೆಳೆದ ಹುಡುಗಿ ತಾನು ರಾಜಕುಮಾರಿಯಲ್ಲ ಅಂತ ನಂಬುವುದಾದರೂ ಹೇಗೆ? ಪಿಯುಸಿಗೆ ಬಂದರೂ ಅವಳದು ಒಂದೇ ಕೊರಗು. ಕಥೆಯ ರಾಜಕುಮಾರಿಯರನ್ನೆಲ್ಲ ಯಾರೋ ಒಬ್ಬ ರಾಕ್ಷಸ ಹೊತ್ತೊಯ್ದು ದೂರದ ಅರಮನೆಯಲ್ಲಿ ಇಡುತ್ತಾನೆ. ತನ್ನನ್ನು ಮಾತ್ರ ಇಲ್ಲಿಯವರೆಗೆ ಯಾರೂ ಹೊತ್ತೊಯ್ದಿಲ್ಲ.

ದಸರಾ ರಜೆಯ ಒಂದು ಬೆಳಿಗ್ಗೆ ಅವಳು ಸ್ಟೀಲಿನ ಡಬ್ಬಿ ಹಿಡಿದು ಮೊಸರು ತರಲು ಹೊರಟಿದ್ದಳು. ಓಣಿಯ ಮೂಲೆಯಲ್ಲಿ ಒಂದು ಸಣ್ಣ ಗೂಡ್ಸ್ ಗಾಡಿ ಬಂದು ನಿಂತಿತು. ಬಾಗಿಲು ತೆಗೆದು, ಒಂದು ಕಾಲು ಕೆಳಗಿಟ್ಟು, “ಶಿವನ,” ಅಂತ ನರಳಿ, ಇನ್ನೊಂದು ಕಾಲು ಕೆಳಗಿಟ್ಟು ಒಬ್ಬ ಮುದುಕಿ ಇಳಿದಳು. ಮೀನಾಕ್ಷಿಯ ಭುಜಕ್ಕಿಂತ ಎತ್ತರವಿಲ್ಲ. ಹಣೆಗೆ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ.

“ಸಾವಂತ್ರಿ ಮೊಮ್ಮಗಳು ನೀನ ಏನು?”

“ಹೌದ್ರಿ.”

“ಗಾಡಿ ಹತ್ತವ್ವ. ನಿನ್ನ ಕಿಡ್ನ್ಯಾಪ್ ಮಾಡಾಕ ಬಂದೀನಿ.”

“ಖರೇನಾ?”

“ಸುಳ್ಳು ಹೇಳಾಕ ದೇಶನೂರಿನಿಂದ ಇಷ್ಟು ದೂರ ಯಾಕ ಬರ್ಲಿ?”

ಸ್ಟಿಯರಿಂಗ್ ಹಿಂದೆ ಕೂತಿದ್ದ ಹುಲುಗೇಶ ಮುದುಕಿಯ ತಂಗಿಯ ಮಗ. ಸಿರುಗುಪ್ಪದ ಮಿಲ್ಲುಗಳಿಂದ ತೌಡು ಸಾಗಿಸುವವನು. ಅವನು ತಲೆ ಚಚ್ಚಿಕೊಂಡ. “ದೊಡ್ಡವ್ವಾ, ಹಿಂಗ ಕೇಳಿಕೋತ ಯಾರೂ ಕಿಡ್ನ್ಯಾಪ್ ಮಾಡಂಗಿಲ್ಲ. ಬಾಯಿಗೆ ಬಟ್ಟಿ ತುರುಕಬೇಕು.”

“ನಿನ್ನ ಬಾಯಿಗೆ ತುರುಕತೀನಿ. ಗಾಡಿ ಹೊಡಿಲೇ.”

ಮೀನಾಕ್ಷಿ ಆಗಲೇ ಹತ್ತಿ ನಡುವೆ ಕೂತಾಗಿತ್ತು, ತೊಡೆಯ ಮೇಲೆ ಮೊಸರಿನ ಖಾಲಿ ಡಬ್ಬಿ ಇಟ್ಟುಕೊಂಡು. ರಾಕ್ಷಸ ಇಷ್ಟು ಗಿಡ್ಡ ಇರುತ್ತಾನೆಂದು ಅಜ್ಜಿ ಹೇಳಿರಲಿಲ್ಲ, ಹೆಂಗಸಾಗಿರುತ್ತಾನೆಂದೂ ಹೇಳಿರಲಿಲ್ಲ. ಇರಲಿ. ಬಂದದ್ದೇ ದೊಡ್ಡದು.

ಕುರುಗೋಡಿಗೆ ಬರುವಷ್ಟರಲ್ಲಿ ರಾಕ್ಷಸಿಗೆ ಹಸಿವಾಯಿತು. ಗಾಡಿ ನಿಲ್ಲಿಸಿ ಮಿರ್ಚಿ ಬಜ್ಜಿಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಳು. ಹುಲುಗೇಶ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ನಿದ್ದೆ ಹೋದ. ಓಡಿ ಹೋಗಲು ಇದಕ್ಕಿಂತ ಒಳ್ಳೆ ಗಳಿಗೆ ಯಾವ ರಾಜಕುಮಾರಿಗೂ ಸಿಕ್ಕಿರಲಾರದು. ಮೀನಾಕ್ಷಿ ಇಳಿದು ಹೋಗಿ ದೊಡ್ಡಬಸವೇಶ್ವರನಿಗೆ ಕೈಮುಗಿದು, “ರಾಕ್ಷಸಿ ಒಳ್ಳೆಯವಳಾಗಿರಲಪ್ಪಾ,” ಅಂತ ಬೇಡಿಕೊಂಡು, ವಾಪಸು ಬಂದು ತನ್ನ ಜಾಗದಲ್ಲಿ ಕೂತಳು. ಬಜ್ಜಿ ಇನ್ನೂ ಬಂದಿರಲಿಲ್ಲ. “ಎಷ್ಟೊತ್ತಜ್ಜೀ!” ಅಂತ ಕಿಟಕಿಯಿಂದ ಕೂಗಿದಳು.

ದೇಶನೂರಿನ ಮನೆ ಅರಮನೆಯಾಗಿರಲಿಲ್ಲ. ಮುಂದೆ ಕಟ್ಟೆ, ಪಕ್ಕದಲ್ಲಿ ಎಮ್ಮೆ, ಹಿಂದೆ ತೆನೆ ಬಿಟ್ಟ ಭತ್ತ. ಮುದುಕಿ, ಕೊಟ್ರಮ್ಮ ಅವಳ ಹೆಸರು, ಕಾಲು ಚಾಚಿ ಕೂತು, ಬಟನ್ ಫೋನು ಕಿವಿಗಿಟ್ಟುಕೊಂಡು, ಇಡೀ ಓಣಿಗೆ ಕೇಳುವ ಹಾಗೆ ಬಳ್ಳಾರಿಗೆ ಮಾತಾಡಿದಳು.

“ಲೇ ಸಾವಂತ್ರಿ! ನಿನ್ನ ಮೊಮ್ಮಗಳು ನನ್ನ ಕೈಯಾಗ ಅದಾಳ.”

“ಮೊಸರು ತರಾಕ ಕಳಿಸಿದ್ದೆ. ನಿನ್ನ ಕೈಯಾಗ ಹೆಂಗ ಬಂದ್ಳು?”

“ಹೊತ್ಕೊಂಡು ಬಂದೀನಿ. ನೀನು ಬಂದು ಕಥಿ ಮುಗಿಸು, ಬಿಡ್ತೀನಿ.”

ಅದಕ್ಕೆ ಸಾವಂತ್ರಮ್ಮ ಹೇಳಿದ್ದು ಇಷ್ಟೇ: “ಆಕಿ ಭಾಳ ಉಣ್ತಾಳ. ನೋಡ್ಕೋ.” ಫೋನು ಕಟ್. ಸಂಜೆ ಹೊನ್ನೂರಸ್ವಾಮಿ ತಾನೇ ಫೋನು ಮಾಡಿ, “ಕೊಟ್ರಮ್ಮತ್ತಿ, ಕಾಲೇಜು ಶುರು ಆಗೋದ್ರೊಳಗ ಬಿಟ್ರ ಸಾಕ್ರಿ,” ಅಂತ ವಿನಂತಿಸಿಕೊಂಡ.

“ಯಾವ ಕಥಿ ಅಜ್ಜಿ?” ಮೀನಾಕ್ಷಿ ಕೇಳಿದಳು.

ಕೊಟ್ರಮ್ಮ ಹೇಳಿದಳು. ಹೊನ್ನೂರಸ್ವಾಮಿ ಇನ್ನೂ ಬದುವಿನ ಮೇಲೆ ಜೋಳಿಗೆಯಲ್ಲಿ ಮಲಗುತ್ತಿದ್ದ ಕಾಲದ ಮಾತು. ಕೊಟ್ರಮ್ಮ, ಸಾವಂತ್ರಮ್ಮ ಒಂದೇ ಗುಂಪಿನಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದ ಗೆಳತಿಯರು. ಸೊಂಟದ ನೋವು ಮರೆಯಲೆಂದು ಸಾವಂತ್ರಮ್ಮ ಕಥೆ ಹೇಳುವುದು, ಪಕ್ಕದ ಸಾಲಿನ ಕೊಟ್ರಮ್ಮ ಮಾತುಮಾತಿಗೂ “ಹ್ಞೂಂ” ಅನ್ನುವುದು. ಹ್ಞೂಂ ಇಲ್ಲದಿದ್ದರೆ ಕಥೆ ಇಲ್ಲ. ಹೇಳುವವರ ಕಟ್ಟಳೆ ಅದು. ಒಂದು ದಿನ ಕಥೆಯ ರಾಜಕುಮಾರಿ ರಾಕ್ಷಸನ ಮನೆಯ ಆರು ಕೋಣೆ ತೆಗೆದು ನೋಡಿದಳು. ಏಳನೆಯದರ ಬೀಗಕ್ಕೆ ಕೀಲಿಕೈ ಹಾಕಿದಳು. ಹ್ಞೂಂ ಬರಲಿಲ್ಲ. ಸಾವಂತ್ರಮ್ಮ ಕಾದಳು. ಆಗಲೂ ಬರಲಿಲ್ಲ. ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಬಿಸಾಕಿ, “ನನ್ನ ಕಥಿ ಕೇಳಿ ನಿದ್ದಿ ಬರೋರಿಗೆ ನಾನು ಹೇಳಂಗಿಲ್ಲ,” ಅಂತ ಬದುವಿಗೆ ಹತ್ತಿದವಳು ಮಾತು ಬಿಟ್ಟಳು. ಸ್ವಲ್ಪ ದಿನಕ್ಕೇ ಗಂಡನ ಜೊತೆ ಬಳ್ಳಾರಿ ಸೇರಿದಳು.

“ನಿದ್ದಿ ಎಲ್ಲಿ ಮಾಡಿದ್ನೆವ್ವ! ಸಸಿ ಕಟ್ಟಿದ ದಾರ ಬಿಚ್ಚಿ ಹಲ್ಲಾಗ ಕಚ್ಚಿದ್ದೆ. ಬಾಯಿ ತಗಿಯಾಕ ಬರ್ಲಿಲ್ಲ, ತಲಿ ಆಡಿಸಿದೆ. ಇಬ್ರೂ ಬಗ್ಗಿದ್ವಿ. ಬಗ್ಗಿದಾಕಿಗೆ ಬಗ್ಗಿದಾಕಿ ತಲಿ ಹೆಂಗ ಕಾಣಬೇಕು?”

“ಅದನ್ನ ಹೇಳ್ಲಿಲ್ಲೇನು?”

“ಹೇಳಾಕ ಬಿಟ್ರಲ್ಲ? ಮಂದಿ ಕೂಡ ಹೇಳಿ ಕಳಿಸಿದೆ, ನಂಬಲಿಲ್ಲ. ಈಗ ನನ್ನ ಮೊಳಕಾಲು ಹೋಗ್ಯಾವ. ನಾಳಿ ಯಮ ಬಂದು, ‘ಕೊಟ್ರಮ್ಮ, ಏಳನೇ ಕ್ವಾಣ್ಯಾಗ ಏನಿತ್ತು?’ ಅಂತ ಕೇಳಿದ್ರ ಏನು ಹೇಳ್ಲಿ?”

ಏಳನೇ ಕೋಣೆಯಲ್ಲಿ ಏನಿತ್ತೆಂದು ಮೀನಾಕ್ಷಿಗೆ ಗೊತ್ತಿತ್ತು. ಆ ಕಥೆಯನ್ನು ನೂರು ಸಲ ಕೇಳಿದ್ದಳು. ಪಂಜರ, ಪಂಜರದಲ್ಲಿ ಗಿಣಿ, ಗಿಣಿಯಲ್ಲಿ ರಾಕ್ಷಸನ ಜೀವ. ರಾಜಕುಮಾರಿ ಗಿಣಿಯ ಕತ್ತು ಮುರಿಯುತ್ತಾಳೆ, ರಾಕ್ಷಸ ಧೊಪ್ಪೆಂದು ಬಿದ್ದು ಸಾಯುತ್ತಾನೆ. ಈಗಲೇ ಹೇಳಿದರೆ ಈಗಲೇ ಬಿಡುಗಡೆ. ನಾಳೆ ಹೇಳೋಣ ಅಂದುಕೊಂಡಳು.

ನಾಳೆ ಕೊಟ್ರಮ್ಮ ಅವಳ ತಲೆಗೆ ಎಣ್ಣೆ ತಿಕ್ಕಿ, “ಕೂದ್ಲು ಎಮ್ಮಿ ಬಾಲ ಆಗೈತಿ, ನಿಮ್ಮಜ್ಜಿ ಏನು ಮಾಡ್ತಾಳ?” ಅಂತ ಬೈದು ಎರಡು ಜಡೆ ಹಾಕಿದಳು. ಹಾಗಾಗಿ ನಾಡಿದ್ದು ಅಂದುಕೊಂಡಳು. ನಾಡಿದ್ದು ಬಿಸಿ ರೊಟ್ಟಿಯ ಮೇಲೆ ಬೆರಳುದಪ್ಪ ಕೆನೆ ಬಿತ್ತು. ಅವತ್ತು ಹೇಳುವ ಮಾತೇ ಬರಲಿಲ್ಲ. ಹಕ್ಕಿ ಓಡಿಸಲು ಇಬ್ಬರೂ ಗದ್ದೆಗೆ ಹೋಗಿ, ತಗಡು ಬಡಿದು, ಹಕ್ಕಿಗಳಿಗಿಂತ ಹೆಚ್ಚು ತಾವೇ ಕಿರುಚಾಡಿ ಬಂದರು. ಒತ್ತೆಯಾಳಿಗೆ ಕೈಕಾಲು ಕಟ್ಟುವುದು ಬಿಡಿ, ಬಾಗಿಲಿಗೆ ಚಿಲಕ ಹಾಕುವುದೂ ಅವಳದೇ ಕೆಲಸ. ಕೊಟ್ರಮ್ಮನ ಕೈ ಮೇಲಿನ ಚಿಲಕಕ್ಕೆ ಎಟುಕುತ್ತಿರಲಿಲ್ಲ.

ಕಥೆಯ ರಾಜಕುಮಾರಿಯರ ಹಾಗೆ ಅವಳೂ ಹಿಡಿದವಳ ಜೀವ ಎಲ್ಲಿ ಅಡಗಿದೆ ಅಂತ ಹುಡುಕಿದಳು. ಕೋಳಿಗೂಡಿನಲ್ಲಿ ಇಣುಕಿದಳು, ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕೊನೆಗೆ ನೇರ ಕೇಳಿದಳು.

“ನಿನ್ನ ಜೀವ ಎಲ್ಲಿ ಐತಿ, ಕೊಟ್ರಜ್ಜಿ?”

“ಮೊಳಕಾಲಾಗ. ಮಳಿ ಮಾಡ ಆದ್ರ ಸಾಕು, ಅಲ್ಲೇ ಹಿಂಡತೈತಿ.”

ಆದರೆ ಮೀನಾಕ್ಷಿ ನೋಡಿದ್ದೇ ಬೇರೆ. ಸಿರುಗುಪ್ಪದ ಕಡೆಯಿಂದ ಸಂಜೆಯ ಬಸ್ಸು ಬರುವ ಹೊತ್ತಿಗೆ ಕೊಟ್ರಮ್ಮ ಕಟ್ಟೆಯ ಮೇಲೆ ಕೂತು ಎರಡು ಎಲೆಗೆ ಸುಣ್ಣ ಸವರುತ್ತಿದ್ದಳು. ಒಂದನ್ನು ತಾನು ಮಡಚಿ ಬಾಯಿಗಿಡುವಳು. ಇನ್ನೊಂದನ್ನು ಒದ್ದೆ ಬಟ್ಟೆಯಡಿ ಮುಚ್ಚಿಡುವಳು. ಬಸ್ಸು ಹೋದ ಮೇಲೆ ಬಹಳ ಹೊತ್ತು ರಸ್ತೆ ನೋಡಿ, ಎಮ್ಮೆಗೆ ಆ ಎಲೆ ತಿನ್ನಿಸುವಳು.

ಅವತ್ತೇ ಮೀನಾಕ್ಷಿಗೆ ಎರಡು ವಿಷಯ ಅರ್ಥವಾದವು. ಕಥೆಯ ಕೊನೆಯನ್ನು ತಾನು ಹೇಳಿದರೆ ಏನೂ ಉಪಯೋಗವಿಲ್ಲ. ಹೇಳಬೇಕಾದವಳೇ ಬಂದು ಹೇಳಬೇಕು. ಎರಡನೆಯದು, ತನಗೆ ಈ ರಾಕ್ಷಸಿಯ ಮೇಲೆ ಎಷ್ಟು ಪ್ರೀತಿ ಹುಟ್ಟಿದೆಯೆಂದರೆ, ಅವಳ ಮುಂದೆ ಕಥೆಯ ರಾಕ್ಷಸ ಸಾಯುವುದನ್ನೂ ತಾನು ಕೇಳಲಾರಳು. ಅಜ್ಜಿ ಬಂದರೆ ತಾನು ಹೊರಡಬೇಕು. ಬರದಿದ್ದರೆ ಎಮ್ಮೆಯೇ ಎಲೆ ತಿನ್ನಬೇಕು. ಸಂಕಟಕ್ಕೆ ಇನ್ನೊಂದು ರೊಟ್ಟಿ ತಿಂದಳು. ಆಮೇಲೆ ಎಮ್ಮೆಯ ಕೊಟ್ಟಿಗೆಯಲ್ಲಿ ಕೂತು ಬಳ್ಳಾರಿಗೆ ಫೋನು ಮಾಡಿದಳು.

“ಅಜ್ಜಿ, ನೀನೇನೂ ಬರಬ್ಯಾಡ. ನಾನು ಆರಾಮದೀನಿ. ಕೊಟ್ರಜ್ಜಿ ಆ ಕಥಿ ತಾನ ಮುಗಿಸ್ಯಾಳ.”

“ಮುಗಿಸ್ಯಾಳ ಅಂದ್ರ?”

“ಏಳನೇ ಕ್ವಾಣ್ಯಾಗ ಫ್ರಿಜ್ ಇತ್ತಂತ.”

“ಏನಿತ್ತು?!”

“ಫ್ರಿಜ್. ರಾಜಕುಮಾರಿ ತಣ್ಣನ್ನ ನೀರು ಕುಡುದು ಮಲಗಿದ್ಳಂತ. ಓಣಿ ಹುಡುಗರಿಗೆಲ್ಲ ಸಾವಂತ್ರಿ ಕಥಿ ಅಂತ ಹೇಳಾಕತ್ಯಾಳ.”

ಮರುದಿನ ಬಂದ ಮೊದಲ ಬಸ್ಸಿನಿಂದಲೇ ಸಾವಂತ್ರಮ್ಮ ಇಳಿದಳು. ಕಟ್ಟೆಯವರೆಗೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಡೆದು ಬಂದಳು.

“ಲೇ ಕೊಟ್ರಿ! ನನ್ನ ಕಥಿಯಾಗ ಫ್ರಿಜ್ ಇಟ್ಟಾಕಿ ನೀನ ಏನು?”

“ಯಾವ ಫ್ರಿಜ್ಜಲೇ? ನಮ್ಮನ್ಯಾಗ ಗಡಿಗಿ ಐತಿ.”

ಇಬ್ಬರೂ ಮೀನಾಕ್ಷಿಯ ಕಡೆ ತಿರುಗಿದರು. ಮೀನಾಕ್ಷಿ ಎಮ್ಮೆಯ ಕಡೆ ತಿರುಗಿದಳು. ಅಷ್ಟರಲ್ಲಿ ಹುಲುಗೇಶ ಒಳಗಿನಿಂದ ಚಾಪೆ ತಂದು ಹಾಸಿದ. “ಬೈಗಳ ಆಮ್ಯಾಗ ಮುಗಿಸ್ರಿ. ನಿಮ್ಮನ್ನ ಬಳ್ಳಾರಿಗೆ ಬಿಟ್ಟು ನನ್ನ ಗಾಡಿ ತೌಡಿಗೆ ಹೋಗಬೇಕು, ಮದ್ಲು ಕಥಿ ಮುಗಿಸ್ರಿ.”

ಸಾವಂತ್ರಮ್ಮ ಕಾಲು ತೊಳೆಯುವಾಗ ಮೀನಾಕ್ಷಿ ಚೊಂಬಿನಿಂದ ನೀರು ಹಾಕುತ್ತ ಕಿವಿಯಲ್ಲಿ ಹೇಳಿದಳು. “ಅಜ್ಜೀ, ರಾಕ್ಷಸನ್ನ ಸಾಯಿಸಬ್ಯಾಡ.”

“ರಾಕ್ಷಸ ಅಂದ ಮ್ಯಾಗ ಸಾಯಬೇಕು. ಇಲ್ಲಾಂದ್ರ ಕಥಿ ಹೆಂಗ ಮುಗಿತೈತಿ?”

“ಒಂದು ಸಲ, ನನ್ನ ಸಲುವಾಗಿ.”

“ಕಥಿ ನಂದು,” ಅಂದಳು ಸಾವಂತ್ರಮ್ಮ. ಸೆರಗಿನಿಂದ ಪಾದ ಒರೆಸಿಕೊಂಡು ಹೋಗಿ ಚಾಪೆಯ ಮೇಲೆ ಕೂತಳು, ಕೊಟ್ರಮ್ಮನಿಗೆ ಎದುರಾಗಿ. ಕೊಟ್ರಮ್ಮ ಒದ್ದೆ ಬಟ್ಟೆ ತೆಗೆದು, ಎರಡು ಎಲೆಗೆ ಸುಣ್ಣ ಸವರಿ, ಒಂದನ್ನು ತಾನು ಬಾಯಿಗಿಟ್ಟು ಇನ್ನೊಂದನ್ನು ಮುಂದೆ ಮಾಡಿದಳು. ಸಾವಂತ್ರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸುಣ್ಣ ಜಾಸ್ತಿ,” ಅಂದು ಬಾಯಿಗಿಟ್ಟುಕೊಂಡಳು.

“ಒಂದನೇ ಕ್ವಾಣ್ಯಾಗ ಬಂಗಾರ ಇತ್ತು.”

“ಹ್ಞೂಂ.”

“ಎರಡನೇ ಕ್ವಾಣ್ಯಾಗ ಬೆಳ್ಳಿ.”

“ಹ್ಞೂಂ.”

ಆರು ಕೋಣೆ ಆದವು. ಮುತ್ತು, ರೇಷ್ಮೆ, ಕುದುರೆ, ಕೊನೆಗೆ ಒಂದು ಕೋಣೆ ತುಂಬ ಬೆಲ್ಲ. ಮೀನಾಕ್ಷಿ ಕಂಬವನ್ನು ತಬ್ಬಿಕೊಂಡು ನಿಂತಿದ್ದಳು.

“ಏಳನೇ ಕ್ವಾಣಿ ಬೀಗಕ್ಕ ಕೀಲಿಕೈ ಹಾಕಿದ್ಳು,” ಅಂದಳು ಸಾವಂತ್ರಮ್ಮ.

ಹ್ಞೂಂ ಬರಲಿಲ್ಲ.

ಎಮ್ಮೆ ಕೂಡ ಮೆಲುಕು ನಿಲ್ಲಿಸಿತು. ಸಾವಂತ್ರಮ್ಮನ ಮೂಗಿನ ಹೊಳ್ಳೆ ಅರಳಿತು. ಒಂದು ಕೈ ಚಪ್ಪಲಿಯ ಕಡೆ ಹೋಯಿತು. “ನೋಡಿದ್ಯಾ? ನೋಡಿದ್ಯಾ ಮೀನೀ? ಅವತ್ತೂ ಹಿಂಗ...”

“ಅಜ್ಜೀ, ಆಕಿ ಮುಖ ನೋಡು!”

ಸಾವಂತ್ರಮ್ಮ ನೋಡಿದಳು. ಕೊಟ್ರಮ್ಮನ ಬಾಯಿ ತುಂಬ ಎಲೆ ಅಡಿಕೆಯ ರಸ. ಉಗುಳಲು ಎದ್ದರೆ ಏಳನೇ ಬಾಗಿಲು ತಪ್ಪೀತೆಂಬ ಭಯಕ್ಕೆ ತುಟಿ ಬಿಗಿದು, ಉಸಿರು ಹಿಡಿದು, ಕಣ್ಣು ಅಗಲ ಮಾಡಿ, ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದಳು. ನಿಲ್ಲಿಸಲೇ ಇಲ್ಲ. ಕಿವಿಯ ವಾಲೆ ಗಡಗಡ ಕುಣಿಯುತ್ತಿದ್ದವು.

“ಅವತ್ತೂ ಹಿಂಗ ಆಡಿಸಿದ್ಯೇನು?” ಸಾವಂತ್ರಮ್ಮ ಕೇಳಿದಳು.

ವಾಲೆಗಳು ಇನ್ನೂ ಜೋರಾಗಿ ಕುಣಿದವು.

ಚಪ್ಪಲಿಯ ಕಡೆ ಹೋಗಿದ್ದ ಕೈ ಮೆಲ್ಲಗೆ ವಾಪಸು ಬಂದು ಚಾಪೆಯ ಮೇಲಿನ ಇಲ್ಲದ ಕಸ ಗುಡಿಸಿತು. ಸಾವಂತ್ರಮ್ಮ ಕೆಮ್ಮಿದಳು.

“ಬಾಗಲಾ ತಗದ್ಳು. ಒಳಗ ಒಂದು ಪಂಜರ. ಪಂಜರದಾಗ ಗಿಣಿ. ರಾಕ್ಷಸನ ಜೀವ ಆ ಗಿಣಿಯಾಗ ಇತ್ತು.”

ಮೀನಾಕ್ಷಿ ಕಣ್ಣು ಮುಚ್ಚಿಕೊಂಡಳು.

“ರಾಜಕುಮಾರಿ ಪಂಜರದಾಗ ಕೈ ಹಾಕಿದ್ಳು. ಗಿಣಿ ಹಿಡದ್ಳು. ಹಿಡದು...” ಸಾವಂತ್ರಮ್ಮ ಕಂಬದ ಕಡೆ ಒಮ್ಮೆ ನೋಡಿದಳು. “ಹಿಡದು ಕೇಳಿದ್ಳು, ‘ಲೇ ಗಿಣಿ, ನಿನಗ ಮಾತು ಬರ್ತಾವೇನು?’ ಆ ಗಿಣಿಗೆ ಬರ್ತಿದ್ದುದು ಒಂದ ಮಾತು. ಕೇಳೋರು ಇಲ್ಲದ ಅದು ಭಾಳ ವರ್ಷದಿಂದ ಗಂಟಲಾಗ ಇಟ್ಕೊಂಡು ಕುಂತಿತ್ತು.”

“ಯಾವ ಮಾತು ಅಜ್ಜೀ?”

ಸಾವಂತ್ರಮ್ಮ ಎದುರಿನ ಮುಖವನ್ನೇ ನೋಡುತ್ತ ಕೂತಳು.

ಕೊಟ್ರಮ್ಮ ಕಂಬ ಹಿಡಿದು, “ಶಿವನ,” ಅಂತ ಗಂಟಲಲ್ಲೇ ನರಳಿ ಎದ್ದಳು. ಕಟ್ಟೆಯ ಅಂಚಿಗೆ ಹೋಗಿ ಬಾಯಲ್ಲಿದ್ದದ್ದೆಲ್ಲ ಉಗುಳಿದಳು. ಸೆರಗಿನಿಂದ ತುಟಿ ಒರೆಸಿಕೊಂಡು, ವಾಪಸು ಬಂದು, ಗೆಳತಿಯ ಎದುರಿಗೆ ಸರಿಯಾಗಿ ಕೂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು.

“ಹ್ಞೂಂ.”

“ಅಷ್ಟ,” ಅಂದಳು ಸಾವಂತ್ರಮ್ಮ. “ಮುಗೀತು ಕಥಿ.”