ನಾನೂರ ಹದಿನೇಳು

“ಅದೆಲ್ಲ ಇರ್ಲಿ ತಾತ, ಒಳಗೆ ಹೇಗಿತ್ತು? ಮೊದ್ಲು ಅದನ್ನ ಹೇಳಿ,” ಎಂದಳು ಪಂಕಜಾ.

ಶಂಭುಲಿಂಗಪ್ಪನವರು ಮೇಜಿನ ಮೇಲಿದ್ದ ರಟ್ಟಿನ ಗಣಿಯನ್ನು ಬಗ್ಗಿ ನೋಡುತ್ತಿದ್ದರು. ಜಯನಗರದ ಆ ಹೊಸ ಹೈಸ್ಕೂಲಿನ ಒಂದು ಕೋಣೆ ಮ್ಯೂಸಿಯಂ ಆಗುವುದಿತ್ತು. ಅದರಲ್ಲಿ ಕೋಲಾರದ ಚಿನ್ನದ ಗಣಿ ಪಂಕಜಾ ಮತ್ತು ಗುಂಡಣ್ಣನ ಪಾಲಿಗೆ ಬಂದಿತ್ತು. ಎದುರು ಬೀದಿಯ ಈ ತಾತ ಇಪ್ಪತ್ತೆಂಟು ವರ್ಷ ಗಣಿಯಲ್ಲಿ ದುಡಿದವರೆಂದು ತಿಳಿದದ್ದೇ ತಡ, ಇಬ್ಬರೂ ಹೋಗಿ ಅವರನ್ನು ಕರೆತಂದಿದ್ದರು.

“ನಾನು ಒಳಗೆ ಇಳಿದವನೇ ಅಲ್ಲ ಕಣಮ್ಮ.”

ಗುಂಡಣ್ಣನ ಕೈಯ ಗೋಂದಿನ ಕಡ್ಡಿ ಅಲ್ಲೇ ನಿಂತಿತು. “ಒಂದ್ಸಲಾನೂ?”

“ನಂದು ಗಣಿ ಬಾಯಲ್ಲಿ ಕೂರೋ ಕೆಲಸ. ಇಳಿಯೋರು ಅವರವರ ನಂಬರಿನ ಹಿತ್ತಾಳೆ ಬಿಲ್ಲೆ ನನ್ನ ಕೈಗೆ ಕೊಡೋರು, ನಾನು ಮೊಳೆಗೆ ಹಾಕೋದು. ಹತ್ತಿ ಬಂದ್ಮೇಲೆ ನಂಬರು ಹೇಳಿ ಈಸ್ಕೊಳ್ಳೋರು. ಬಿಲ್ಲೆ ಮೊಳೇಲಿದ್ರೆ ಆಳು ಇನ್ನೂ ಒಳಗೇ ಇದಾನೆ ಅಂತ ಲೆಕ್ಕ.”

“ಹಾಗಾದ್ರೆ ಈ ಮಹಾರಾಯ ಗೋಡೆಗೆಲ್ಲ ಜರಿ ಕಾಗದ ಅಂಟಿಸ್ತಿರೋದು ಸರೀನಾ? ಗಣಿಯೋ, ಮದುವೆ ಚಪ್ಪರವೋ?” ಪಂಕಜಾ ಗುಂಡಣ್ಣನತ್ತ ಕೈ ತೋರಿಸಿದಳು.

ತಾತ ನಕ್ಕರು. “ನನ್ನ ಮಗ ಇಳೀತಿದ್ದ. ಕರೀ ಬಂಡೆ, ಒಲೆ ಮುಂದೆ ಕೂತ ಹಾಗೆ ಶೆಕೆ ಅಂತಿದ್ದ. ಚಿನ್ನ ಅವನ ಕಣ್ಣಿಗೆ ಬಿದ್ದಿದ್ದೇ ಇಲ್ಲ.”

“ಅವರನ್ನೇ ಕರ್ಕೊಂಡು ಬನ್ನಿ ತಾತ!” ಎಂದ ಗುಂಡಣ್ಣ.

ತಾತ ಜೇಬಿನಿಂದ ಮಡಿಬಟ್ಟೆಯ ಗಂಟೊಂದನ್ನು ತೆಗೆದರು. ಗಣಿಯೊಳಗೆ ಬಂಡೆ ಸಿಡಿದ ದಿನ ಮಗ ಚನ್ನಬಸವ ಹತ್ತಿ ಬಂದು ಕೇಳದೆ ಮೊಳೆಯಲ್ಲೇ ಉಳಿದ ಬಿಲ್ಲೆ ಅದು. ಹನ್ನೆರಡು ವರ್ಷಗಳಿಂದ ದೇವರ ಜಗಲಿಯ ಮೇಲಿತ್ತು. ಲಿಂಗಪೂಜೆಯಾದ ಮೇಲೆ ದಿನವೂ ಅದಕ್ಕೊಂದು ಎಳೆ ವಿಭೂತಿ. ಮಕ್ಕಳಿಗೆ ತೋರಿಸಿ ತಿರುಗಿ ತಂದಿಡುತ್ತೇನೆ ಎಂದು ಬೆಳಗ್ಗೆ ಶಿವನಿಗೆ ಹೇಳಿ ಬಂದಿದ್ದರು.

ಗುಂಡಣ್ಣ ‘ನಾನೂರ ಹದಿನೇಳು’ ಎಂದು ನಂಬರು ಓದಿ, ಅದನ್ನು ರಟ್ಟಿನ ಗಣಿಯ ಪಕ್ಕದ ಹಲಗೆಯಲ್ಲಿ ರಟ್ಟಿನ ಬಿಲ್ಲೆಗಳ ನಡುವೆ ಒಂದು ಮೊಳೆಗೆ ತೂಗುಹಾಕಿದ. “ಸಖತ್ತಾಗಿದೆ! ಇದು ಇಲ್ಲೇ ಇರ್ಲಿ ತಾತ?”

ತಾತ ಕನ್ನಡಕ ಏರಿಸಿ, ಒಂದು ಕಣ್ಣು ಮುಚ್ಚಿ, ರಟ್ಟಿನ ಬಾವಿಯೊಳಗೆ ಇಣುಕಿದರು. ತಳದಲ್ಲಿ ಟಾರ್ಚಿನ ಬಲ್ಬೊಂದು ಉರಿಯುತ್ತಿತ್ತು.

“ಎಷ್ಟು ಆಳಮ್ಮ?”

“ಒಂದಂಗುಲ ಅಂದ್ರೆ ಸಾವಿರ ಅಡಿ. ಒಟ್ಟು ಹತ್ತು ಸಾವಿರ ಅಡಿ ಅಂತ ಪುಸ್ತಕದಲ್ಲಿತ್ತು.”

“ಉಣ್ಣೋದೆಲ್ಲಿ? ಕೂರೋಕೆ ಜಾಗ ಇರುತ್ತಾ?”

“ಇಲ್ನೋಡಿ, ಈ ಅಡ್ಡ ಸುರಂಗದಲ್ಲಿ. ಗಾಳಿ ಈ ಕೊಳವೇಲಿ ಬರುತ್ತೆ.”

ತಾತ ಬೆರಳು ತೂರಿಸಿ ಆ ಜಾಗವನ್ನು ಮುಟ್ಟಿ ನೋಡಿದರು. “ಗಾಳಿ ಬರುತ್ತೆ ಅನ್ನು,” ಎಂದರು.

“ಈಗ ಆಳು ಮೇಲೆ ಬರ್ತಾನೆ, ನೋಡಿ ತಾತ,” ಎಂದು ಪಂಕಜಾ ನೂಲಿನುಂಡೆಯನ್ನು ತಿರುಗಿಸಿದಳು. ಬೆಂಕಿಪೆಟ್ಟಿಗೆಯಿಂದ ಮಾಡಿದ, ಆಳುಗಳನ್ನು ಇಳಿಸಿ ಏರಿಸುವ ಕೇಜು ಅಲುಗಾಡುತ್ತ ಬಾಯಿಗೆ ಬಂತು. ಒಳಗೆ ಒಂದು ಮಣ್ಣಿನ ಬೊಂಬೆ ನಿಂತಿತ್ತು. ಅವಳು ಗಂಟಲು ದಪ್ಪ ಮಾಡಿಕೊಂಡು ಅಂಗೈ ಚಾಚಿದಳು. “ನಾನೂರ ಹದಿನೇಳು, ಸಾರ್. ಬಂದೆ. ಬಿಲ್ಲೆ ಕೊಡಿ.”

ಗುಂಡಣ್ಣ ಕಿಸಕ್ಕೆಂದು ನಕ್ಕ. ತಾತನ ಬೆರಳು ಇನ್ನೂ ಸುರಂಗದ ಬಾಯಲ್ಲೇ ಇತ್ತು. ಪಂಕಜಾ ಚಾಚಿದ ಕೈ ಹಾಗೇ ಕಾಯುತ್ತಿತ್ತು.

ಅವರು ನಿಧಾನವಾಗಿ ನೆಟ್ಟಗಾದರು. ಮೊಳೆಯಿಂದ ಬಿಲ್ಲೆ ತೆಗೆದು, ನಂಬರನ್ನು ಒಮ್ಮೆ ಓದಿಕೊಂಡು, ಅವಳ ಅಂಗೈಯಲ್ಲಿಟ್ಟರು.

“ಜೋಪಾನವಾಗಿ ಮನೆಗೆ ಹೋಗಪ್ಪ.”

ಪಂಕಜಾ ಕೈ ನೋಡಿಕೊಂಡಳು. ಅಂಕಿಗಳ ಗೆರೆಯಲ್ಲಿ ಕೂತಿದ್ದ ವಿಭೂತಿ ಉದುರಿ ಅಂಗೈಗೆ ಹತ್ತಿತ್ತು. ತಾತ ಬರಿಯ ಮಡಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಹಲಗೆಯ ಮೇಲೆ, ರಟ್ಟಿನ ಬಿಲ್ಲೆಗಳ ಸಾಲಿನಲ್ಲಿ, ಒಂದು ಮೊಳೆ ಖಾಲಿಯಿತ್ತು.