ಕರಿಯಣ್ಣನ ಕೂಗು

ಊರಲ್ಲಿ ಯಾರ ದನಿ ಬೇಕಾದರೂ ಅವರ ಹಾಗೇ ತೆಗೆಯುತ್ತೇನೆ, ಸೊರಬದ ಬಸ್ಸಿನ ಕಂಡಕ್ಟರನ ಕೆಮ್ಮು ಸಮೇತ. ಹಾಗಾಗಿ ನಾನು ಏನು ಹೇಳಿದರೂ ಜನ ‘ಇದು ಯಾರ ದನಿ’ ಅನ್ನುತ್ತಾರೆ. ಇದನ್ನು ನನ್ನ ದನಿಯಲ್ಲೇ ಹೇಳುತ್ತೇನೆ. ಕಣ್ಣೆದುರು ನಡೆದದ್ದು.

ಕರಿಯಣ್ಣ, ತಿಪ್ಪೇಶ ಅಂಜನಾಪುರದಲ್ಲಿ ನಮ್ಮ ಪಕ್ಕದ ಮನೆಯ ಅಣ್ಣತಮ್ಮಂದಿರು. ಇಬ್ಬರದೂ ಒಂದೇ ಕುರಿಮಂದೆ. ತಿಪ್ಪೇಶ ಹೆಂಡತಿಯ ತವರಾದ ಚಂದ್ರಗುತ್ತಿಗೆ ಹೋಗಿ ನೆಲೆಸುವುದು ಅಂತಾಗಿ ಮಂದೆ ಪಾಲಾಯಿತು. ತಮ್ಮನ ಕುರಿಗಳ ಬೆನ್ನಿಗೆ ಕೆಂಪು ಬಣ್ಣ, ಅಣ್ಣನವಕ್ಕೆ ನೀಲಿ. ಜಗಳವೇನೂ ಇರಲಿಲ್ಲ. ಇದ್ದಿದ್ದರೆ ಕರಿಯಣ್ಣನಿಗೆ ತಮ್ಮನನ್ನು ಬೈಯಲಿಕ್ಕಾದರೂ ಆಗುತ್ತಿತ್ತು.

ಕುರಿ ಕೊಳ್ಳುವವರ ವಾಟ್ಸಾಪ್ ಗುಂಪಿನಲ್ಲಿ ಹೊರರಾಜ್ಯದವರೂ ಇದ್ದರು. ಅವರಿಗೆ ವಿಷಯ ತಿಳಿಸಲು ತಿಪ್ಪೇಶನ ಹೆಂಡತಿ ಸಂಗೀತ ಇಂಗ್ಲಿಷಿನಲ್ಲಿ ‘ಬ್ರೋಕನ್ ಅಪ್’ ಅಂತ ಬರೆದು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ತೋರಿಸಿದಳು. ಅದು ಪ್ರೇಮಿಗಳಿಗಾಯಿತಮ್ಮ ಅಂದು, ‘ವಿ ಹ್ಯಾವ್ ಪಾರ್ಟೆಡ್ ವೇಸ್’ ಅಂತ ತಿದ್ದಿದೆ. ದಾರಿ ಎರಡಾಗುತ್ತವಲ್ಲ, ಅದಕ್ಕೇ ಕೊನೆಗೊಂದು ಎಸ್ಸು ಅಂತ ಪಾಠವನ್ನೂ ಮಾಡಿದೆ.

ದೊಡ್ಡಿಯ ಬಾಗಿಲಲ್ಲಿ ಕೂತಿದ್ದ ಕರಿಯಣ್ಣ ಅರ್ಥ ಕೇಳಿದ. ‘ನಮ್ಮ ದಾರಿ ಬೇರೆ ಬೇರೆ ಆದವು’ ಅಂತ ಹೇಳಿದೆ.

“ಸುಳ್ಳು ಬರೀಬ್ಯಾಡ್ರೀ ಮೇಷ್ಟ್ರೇ. ದಾರಿ ಎಲ್ಲಿ ಎರಡಾತು? ನಾನು ಕರೀದೆ ಅವು ಒಂದು ಹೆಜ್ಜೆ ಎತ್ತಲ್ಲ. ಜೊತಿಗೆ ನಾನೂ ಹೋಗ್ಬೇಕು.”

ಅದು ನಿಜ. ಮಂದೆಗೆ ಗೊತ್ತಿದ್ದದ್ದು ಅವನ ಕೂಗೊಂದೇ. ಸಂಗೀತ ಮೆಸೇಜು ಕಳಿಸದೆ ಹಾಗೇ ಬಿಟ್ಟಳು.

ಹೊರಡುವ ದಿನ ತಿಪ್ಪೇಶ ಎಷ್ಟು ಕರೆದರೂ ಕೆಂಪು ಬಣ್ಣದವು ಅಣ್ಣನ ಕಾಲ ಬಳಿಯಿಂದ ಕದಲಲಿಲ್ಲ. ಕರಿಯಣ್ಣ ಆಗಲೇ ಕಂಬಳಿ ಮಡಚಿ ಲಾರಿಯಲ್ಲಿಟ್ಟಿದ್ದ. ಹೊಸ ಜಾಗಕ್ಕೆ ಒಗ್ಗೋವರೆಗೆ ಇದ್ದು ಬರ್ತೀನಿ ಅನ್ನುತ್ತಿದ್ದ. ಒಗ್ಗಲಿಕ್ಕೆ ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ.

ಅವನ ಬಿಗುಮಾನ ನೋಡಿ ನನಗೆ ತಮಾಷೆ ಹತ್ತಿತು. ಲಾರಿಯ ಮರೆಯಲ್ಲಿ ನಿಂತು, ಅವನ ದನಿ ತೆಗೆದು ಕೂಗಿದೆ: “ಹುರ್ರಾ... ಬಾ ನನ್ನವ್ವ, ಬಾ ಬಾ.”

ಕೆಂಪಿನವು ದಡದಡ ಓಡಿಬಂದು ಲಾರಿಗೆ ಒರಗಿಸಿದ್ದ ಹಲಗೆ ಹತ್ತಿದವು. ಹಿಂದೆಯೇ ನೀಲಿಯವೂ ಬಂದವು. ಕರಿಯಣ್ಣನ ಕೈಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದ ಕುಂಟ ಕುರಿ ಕೂಡ, ಅವನನ್ನು ದಾಟಿಕೊಂಡು, ಅವನ ದನಿ ಇದ್ದ ಕಡೆಗೆ ಓಡಿತು. ದೊಡ್ಡಿಯಲ್ಲಿ ಅವನೊಬ್ಬನೇ ಉಳಿದ.

ನೆರೆದವರೆಲ್ಲ ನಕ್ಕರು. ನೀಲಿಯವನ್ನು ಕೆಳಗಿಳಿಸುತ್ತ ತಿಪ್ಪೇಶ ಒಳ್ಳೆ ಮನಸ್ಸಿನಿಂದಲೇ ಮೊಬೈಲ್ ನನ್ನ ಬಾಯಿಗೆ ಹಿಡಿದ.

“ಇನ್ನೊಮ್ಮೆ ಕೂಗ್ರೀ, ರೆಕಾರ್ಡ್ ಮಾಡ್ಕೊಂತೀನಿ. ಅಣ್ಣ ಪಾಪ, ಅಷ್ಟು ದೂರ ಯಾಕೆ ಬರ್ಬೇಕು?”

ನಾನು ಮೊಬೈಲನ್ನು ಕೈಯಿಂದ ಆಚೆ ಸರಿಸಿದೆ. ಕರಿಯಣ್ಣ ಬಂದು ಆ ಮೊಬೈಲಿಗೆ ತಾನೇ ಕೂಗಿಕೊಟ್ಟ. ಆಮೇಲೆ ಲಾರಿಯೊಳಗೆ ಕೈಹಾಕಿ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ.

“ಸಂಗೀತವ್ವ, ಮೇಷ್ಟ್ರ ಇಂಗ್ಲಿಷ್ ಈಗ ಕಳ್ಸು. ಈಗ ನಿಜ ಆತು.”

ಹೇಳಿ ನಗತೊಡಗಿದ. ಉಳಿದವರ ನಗೆ ನಿಂತರೂ ಅವನದು ನಿಲ್ಲಲಿಲ್ಲ. ಲಾರಿಯೊಳಗಿನ ಕುರಿಗಳೆಲ್ಲ ಆ ದನಿಯತ್ತ ಕತ್ತು ತಿರುಗಿಸಿದವು.