ಒಳಗಿನ ಹಿಡಿಕೆ

ನಾನು ಒಂದು ವ್ಯಾನು. ಬಿಳಿ ಬಣ್ಣ, ಹದಿನಾಲ್ಕು ಸೀಟು, ಪಕ್ಕಕ್ಕೆ ಜಾರುವ ಒಂದು ಬಾಗಿಲು. ಈಗ ನನಗೆ ಚಕ್ರಗಳಿಲ್ಲ. ಗುಜರಿ ಅಂಗಡಿಯ ಬೇಲಿಗೆ ಒರಗಿ ಇಟ್ಟಿಗೆಗಳ ಮೇಲೆ ಕೂತಿದ್ದೇನೆ. ನನ್ನ ಕಥೆಯೆಲ್ಲ ಇರುವುದು ಆ ಬಾಗಿಲಿನಲ್ಲಿ.

ದೂರದ ಕಾರ್ಖಾನೆಯೊಂದರಲ್ಲಿ ನಾನು ತಗಡಾಗಿ ಒಳಗೆ ಹೋಗಿ ವ್ಯಾನಾಗಿ ಹೊರಗೆ ಬಂದೆ. ಕೊನೆಯ ದಿನ ಒಬ್ಬಾತ ನನ್ನೊಳಗೆ ಕೂತು ಬಾಗಿಲನ್ನು ಹತ್ತು ಸಲ ಹಾಕಿ ತೆಗೆದ. ಒಳಗಿನಿಂದಲೂ ಹೊರಗಿನಿಂದಲೂ ತೆಗೆಯಲು ಬಂದರಷ್ಟೇ ಗಾಡಿ ಹೊರಗೆ ಹೋಗಬೇಕೆಂದು ಅಲ್ಲಿಯ ಕಟ್ಟಳೆ. ಅದು ಇಡೀ ಲೋಕದ ಕಟ್ಟಳೆಯೆಂದೇ ನಾನು ನಂಬಿದ್ದೆ.

ನನ್ನನ್ನು ಕೊಂಡವರು ಕೊಪ್ಪಳ ಸೀಮೆಯ ಮೌಲಾಸಾಬರು. ಅವರೇ ಮಾಲೀಕರು, ಅವರೇ ಡ್ರೈವರು. ಮದುವೆಗೆ ಬೀಗರನ್ನು ಹೊತ್ತೆ, ಹಂಪಿಗೆ ಶಾಲೆಯ ಮಕ್ಕಳನ್ನು ಹೊತ್ತೆ. ಹಿಂದಿನ ಸೀಟಿನಲ್ಲಿ ವಾಂತಿ, ಮುಂದಿನ ಸೀಟಿನಲ್ಲಿ ಹಾಡು. ಒಳ್ಳೆಯ ದಿನಗಳು ಅವು.

ಕೆರೆಹಾಳ ಪಂಚಾಯ್ತಿಯವರು ನನ್ನನ್ನು ಕರೆದಾಗಿನಿಂದ ಹಾಡು ನಿಂತಿತು. ಅಲ್ಲಿ ಹದಿಮೂರು ಜನ ಮೆಂಬರರು. ಪಂಚಾಯ್ತಿಗೆ ಪಕ್ಷವಿಲ್ಲ ಎನ್ನುವುದು ಬಾಯಿಮಾತು. ಅಲ್ಲಿ ಎರಡು ಬಣ, ಎರಡಕ್ಕೂ ಬೇರೆ ಬೇರೆ ಬಣ್ಣದ ಶಾಲು. ಅಧ್ಯಕ್ಷ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಏಳು ಕೈ ಎದ್ದು ಬಸಲಿಂಗವ್ವ ಎಂಬ ವಿಧವೆ ಅಧ್ಯಕ್ಷೆಯಾದಳು. ಹಿಂದಿನ ಅಧ್ಯಕ್ಷ ಅಂದಾನಗೌಡರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ಆ ಏಳು ಕೈಗಳಲ್ಲಿ ಒಂದು ಹುಲಿಗೆವ್ವನದು. ಗೌಡರು ಅವಳ ಗಂಡ ಯಮನಪ್ಪನನ್ನು ಕರೆದು ಕೂರಿಸಿ ಮಾತಾಡಿದರು. ಮರುದಿನದಿಂದ ಹುಲಿಗೆವ್ವ ಗೌಡರ ಬಣ. ಅವಳನ್ನು ಯಾರೂ ಕೇಳಲಿಲ್ಲ. ಹೆಂಡತಿ ಮೆಂಬರಾದರೆ ಗಂಡನೇ ಮೆಂಬರ್ ಎನ್ನುವುದು ಅಲ್ಲಿಯ ರೂಢಿ.

ಅಧ್ಯಕ್ಷೆಯನ್ನು ಇಳಿಸುವಷ್ಟು ಕೈಗಳು ಗೌಡರ ಬಳಿ ಇರಲಿಲ್ಲ. ಸಭೆ ನಡೆಯದಂತೆ ಮಾಡುವಷ್ಟು ಇದ್ದವು. ಸಭೆಗೆ ಏಳು ಜನ ಬೇಕು. ಬಸಲಿಂಗವ್ವನ ಕಡೆ ಉಳಿದವರು ಆರು. ಹಾಗಾಗಿ ಸಭೆಯ ದಿನ ಬಂತೆಂದರೆ ಗೌಡರು ತಮ್ಮ ಏಳು ಮೆಂಬರರನ್ನು ನನ್ನೊಳಗೆ ತುಂಬಿ ಯಾವುದಾದರೂ ದೇವರಿಗೆ ಕರೆದೊಯ್ಯುತ್ತಿದ್ದರು. ಕಾಯಿ ಒಡೆಸುತ್ತಿದ್ದರು, ಮಿರ್ಚಿ ತಿನ್ನಿಸುತ್ತಿದ್ದರು, ಸಂಜೆಗೆ ಮನೆ ಮುಟ್ಟಿಸುತ್ತಿದ್ದರು. ಅಷ್ಟು ಹೊತ್ತಿಗೆ ಊರಲ್ಲಿ ಸಭೆ ಮುರಿದಿರುತ್ತಿತ್ತು. ಆ ವರ್ಷ ದೇವರ ದರ್ಶನ ಅತಿಯಾಯಿತು.

ಮುರಿದು ಬಿದ್ದದ್ದು ನೀರಿನ ಕೆಲಸ. ಕೆರೆಹಾಳದ ಕೆಳಗಿನ ಓಣಿಯ ಬೋರಿನ ನೀರು ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮೊಣಕಾಲು ಸೊಟ್ಟಗಾಗುತ್ತದೆ. ಹೊಳೆಯ ನೀರು ತರುವ ಪೈಪು ಮಂಜೂರಾಗಿತ್ತು. ಟ್ಯಾಂಕಿನ ಜಾಗಕ್ಕೆ ಸಭೆ ಒಪ್ಪಬೇಕಿತ್ತು, ಅಷ್ಟೇ. ಮಾರ್ಚ್ ಮುಗಿಯುವುದರೊಳಗೆ ಒಪ್ಪದಿದ್ದರೆ ಕೆಲಸ ಬೇರೆ ಊರಿಗೆ. ಹುಲಿಗೆವ್ವನ ಮನೆ ಕೆಳಗಿನ ಓಣಿಯಲ್ಲೇ. ಅವಳ ಒಂಬತ್ತು ವರ್ಷದ ಮಗಳು ಒಮ್ಮೆ ತಾಯಿಯನ್ನು ಕಳಿಸಲು ನನ್ನ ಬಾಗಿಲವರೆಗೆ ಬಂದಿದ್ದಳು. ಅವಳ ಕಾಲು ನೋಡಿ ಮೌಲಾಸಾಬರು ಮುಖ ತಿರುಗಿಸಿದರು. ನನಗೆ ತಿರುಗಿಸಲು ಮುಖವಿರಲಿಲ್ಲ.

ಎರಡನೆಯ ಯಾತ್ರೆಯಲ್ಲಿ ಹುಲಿಗೆವ್ವ ಚಹಾಕ್ಕೆಂದು ಇಳಿದವಳು ಅಂಗಡಿಯವನ ಫೋನು ಕೇಳಿ ಬಸಲಿಂಗವ್ವನ ಜೊತೆ ಮಾತಾಡಿಬಿಟ್ಟಳು. ಸುದ್ದಿ ಗೌಡರ ಕಿವಿಗೆ ಬಿತ್ತು. ಅವರು ಕೂಗಾಡಲಿಲ್ಲ. ಮರುದಿನ ಒಬ್ಬ ಮಿಸ್ತ್ರಿಯನ್ನು ಕಳಿಸಿ ನನ್ನ ಬಾಗಿಲಿನ ಒಳಗಿನ ಹಿಡಿಕೆಯನ್ನು ಬಿಚ್ಚಿಸಿದರು. ಮೌಲಾಸಾಬರು ತಡೆಯಲಿಲ್ಲ. ಹಿಡಿಕೆಯಿದ್ದ ಕಡೆ ತೂತು ಉಳಿಯಿತು. ಅಂದಿನಿಂದ ನಾನು ಗಾಡಿಯಲ್ಲ, ದೊಡ್ಡಿ ಎನ್ನಿಸಿತು. ನನಗೆ ಬಹಳ ನಾಚಿಕೆಯಾಯಿತು.

ಮಾರ್ಚ್ ಮೂವತ್ತು, ಕೊನೆಯ ಸಭೆ. ಬೆಳಿಗ್ಗೆ ಒಂಬತ್ತಕ್ಕೆ ಏಳೂ ಜನ ಹತ್ತಿದರು. ಎಲ್ಲರ ಫೋನು ಗೌಡರ ಚೀಲದಲ್ಲಿ. ಯಮನಪ್ಪ ಹೆಂಡತಿಯ ಪಕ್ಕದಲ್ಲೇ ಕೂತ. ಹೊರಗಿನಿಂದ ಬಾಗಿಲು ಎಳೆದು ಹಾಕಿ ಗೌಡರು ಮುಂದೆ ಕೂತರು. ಯಾರೂ ಯಾವ ದೇವರಿಗೆ ಎಂದು ಕೇಳಲಿಲ್ಲ.

ಊರಿಂದ ಎರಡು ಮೈಲಿ ಬಂದಾಗ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಬರುವುದಿತ್ತು. ಮೌಲಾಸಾಬರು ಎಂಜಿನ್ ಆರಿಸಿದರು. ಸೆಖೆಯೆಂದು ಹುಲಿಗೆವ್ವ ಬಾಗಿಲಿನ ಕಿಟಕಿಯ ಗಾಜು ಸರಿಸಿದಳು. ಆಮೇಲೆ ತೋಳನ್ನು ಭುಜದವರೆಗೆ ಹೊರಗೆ ಹಾಕಿ, ತಡವುತ್ತಾ ತಡವುತ್ತಾ, ನನ್ನ ಹೊರಗಿನ ಹಿಡಿಕೆಯನ್ನು ಹಿಡಿದಳು. ಅವಳ ಹಸಿರು ಬಳೆಗಳು ಒಡೆದವು. ಹಿಡಿಕೆ ಎಳೆದಳು. ನಾನು ತೆರೆದುಕೊಂಡೆ. ಜೀವಮಾನದಲ್ಲಿ ಅಷ್ಟು ಹಗುರಾಗಿ ನಾನೆಂದೂ ತೆರೆದುಕೊಂಡಿರಲಿಲ್ಲ.

ಯಮನಪ್ಪ ಸೆರಗು ಹಿಡಿದ. ಮೆಲ್ಲಗೆ ಹೇಳಿದ. ಆ ಮೆಲುದನಿಯೇ ಭಯ ಹುಟ್ಟಿಸುವಂತಿತ್ತು.

"ಇಳಿದಿ ಅಂದ್ರ ಮತ್ತ ಮನೀಗೆ ಬರಬ್ಯಾಡ."

"ಮನೀಗೆ ಮೊದಲ ನೀರು ಬರ್ಲಿ," ಎಂದಳು ಹುಲಿಗೆವ್ವ. "ನಾ ಬರೂದು ಆಮ್ಯಾಲೆ ನೋಡೂಣು."

ಸೆರಗು ಬಿಡಿಸಿಕೊಂಡು ಇಳಿದು, ಬಂದ ದಾರಿಯಲ್ಲೇ ನಡೆದಳು. ಓಡಲಿಲ್ಲ. ಓಡಿದ್ದರೆ ಯಾರಾದರೂ ಬೆನ್ನಟ್ಟುತ್ತಿದ್ದರೇನೋ. ಉಳಿದ ಆರು ಜನ ತಮ್ಮ ತಮ್ಮ ಮೊಣಕಾಲು ನೋಡುತ್ತಾ ಕೂತರು. ಗಾಡಿ ತಿರುಗಿಸು ಎಂದರು ಗೌಡರು. ಮೌಲಾಸಾಬರು ಕೀಲಿ ತಿರುವಿದರು, ಬಿಟ್ಟರು, ಮತ್ತೆ ತಿರುವಿದರು.

"ಸ್ಟಾರ್ಟ್ ಆಗವಲ್ದರೀ ಗೌಡ್ರ. ಬ್ಯಾಟ್ರಿ ಕೂತೈತಿ."

ಬ್ಯಾಟರಿ ಹಾಕಿಸಿ ಹದಿನೈದು ದಿನವಾಗಿತ್ತು. ಗೌಡರು ಅವರ ಮುಖವನ್ನು ನೋಡಿದರು. "ನೆನಪಿಟ್ಕೋತೀನಿ ಸಾಬ್," ಎಂದರು.

ಹನ್ನೊಂದಕ್ಕೆ ಸಭೆಯಲ್ಲಿ ಏಳು ಜನರಿದ್ದರಂತೆ. ಟ್ಯಾಂಕಿನ ಜಾಗಕ್ಕೆ ಒಪ್ಪಿಗೆ ಸಿಕ್ಕಿತು.

ಗೌಡರು ಹೇಳಿದಂತೆಯೇ ನೆನಪಿಟ್ಟುಕೊಂಡರು. ವಾರದೊಳಗೆ ನಡುಹಗಲಲ್ಲೇ ಸಂತೆಪೇಟೆಯಲ್ಲಿ ನನ್ನ ಗಾಜುಗಳು ಒಡೆದವು. ಸುತ್ತ ನೂರು ಜನರಿದ್ದರು, ಯಾರೂ ನೋಡಿರಲಿಲ್ಲ. ಆಮೇಲೆ ನನ್ನನ್ನು ಮದುವೆಗೂ ಯಾರೂ ಕರೆಯಲಿಲ್ಲ. ಮೌಲಾಸಾಬರು ಒಂದು ವರ್ಷ ತಡೆದರು, ನಂತರ ನನ್ನನ್ನು ತರಕಾರಿ ವ್ಯಾಪಾರಿಗೆ ಕೊಟ್ಟುಬಿಟ್ಟರು. ಕೊಡುವಾಗ ಬಾಗಿಲಿನ ತೂತಿಗೆ ಬೆರಳಿಟ್ಟು ನೋಡಿದರು. ಹುಲಿಗೆವ್ವ ಮಗಳನ್ನು ಕರೆದುಕೊಂಡು ಬಸಲಿಂಗವ್ವನ ಮನೆಯಲ್ಲೇ ಇದ್ದಳು. ಕೆಳಗಿನ ಓಣಿಗೆ ಹೊಳೆಯ ನೀರು ಬಂದ ದಿನ ನಾನು ಬದನೆಕಾಯಿ ಹೊತ್ತು ಆ ದಾರಿಯಲ್ಲಿ ಹೋದೆ. ನಲ್ಲಿಯ ಸಾಲಿನಲ್ಲಿ ಯಮನಪ್ಪ ಕೊಡ ಹಿಡಿದು ಒಬ್ಬನೇ ನಿಂತಿದ್ದ.

ಅದೆಲ್ಲ ಆಗಿ ವರ್ಷಗಳಾದವು. ನಿನ್ನೆ ಈ ಗುಜರಿ ಅಂಗಡಿಗೆ ಹೊಸ ವ್ಯಾನೊಂದು ಬಂತು. ಜೊತೆಗೆ ಇಸ್ತ್ರಿ ಬಟ್ಟೆಯ ಇಬ್ಬರು, ಯಾವುದೋ ಬೇರೆ ಊರಿನವರು. ನಾಡಿದ್ದು ಅವರ ಪಂಚಾಯ್ತಿಯಲ್ಲಿ ಏನೋ ಸಭೆಯಂತೆ, ಐದು ಹೆಣ್ಣುಮಕ್ಕಳನ್ನು ದೇವರಿಗೆ ಕರೆದೊಯ್ಯಬೇಕಂತೆ. ಒಳಗಿನ ಹಿಡಿಕೆ ಬಿಚ್ಚಲು ಹೇಳಿದರು.

ಬಿಚ್ಚುವಾಗ ಹೊರಗಿನ ಹಿಡಿಕೆಯೂ ಮುರಿಯಿತು. ಮಿಸ್ತ್ರಿ ಸುತ್ತ ನೋಡಿ, ನನ್ನ ಬಳಿ ಬಂದು, ನನ್ನದನ್ನು ಕಳಚಿ ಅದಕ್ಕೆ ಹಾಕಿದ. ಹಿಡಿಕೆಯ ಸಂದಿನಲ್ಲಿ ಉಳಿದಿದ್ದ ಹಸಿರು ಬಳೆಚೂರು ಅವನ ಬೆರಳಿಗೆ ಚುಚ್ಚಿತು. ಆ ಇಬ್ಬರೂ ಬಾಗಿಲನ್ನು ಎರಡು ಸಲ ಹಾಕಿ ತೆಗೆದು ನೋಡಿ, ಸರಿಯಿದೆ ಎಂದರು.

ಕಿಟಕಿಯ ಗಾಜಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.